ಕಪ್ಪೆಗೆ ಕನ್ನಡದ ಹೆಸರುಂಟು, ಕಪ್ಪೆಯನ್ನು ಓದುವವನಿಗೆ ಕನ್ನಡವಿಲ್ಲ!

ಕನ್ನಡದಲ್ಲಿ ವಿಜ್ಞಾನ ಕಲಿಸಿ ಎಂದವರಿಗೆಲ್ಲ ನಮ್ಮ ವಿಶ್ವವಿದ್ಯಾನಿಲಯಗಳ ಮೇಧಾವಿಗಳು ಇಟ್ಟಿರುವ ಹೆಸರು ಕೂಪಮಂಡೂಕ. ಅಂದರೆ ಬಾವಿಯೊಳಗಿನ ಕಪ್ಪೆ. ಆಯಿತು ಸ್ವಾಮಿ, ಕಪ್ಪೆಯಿಂದಲೇ ಮಾತು ಶುರು ಮಾಡೋಣ.

ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಕಪ್ಪೆ ಇದೆ. ಹೊಳೆಯ ಪಕ್ಕದ ಕಡ್ಡಿಯ ಮೇಲೋ ಕಲ್ಲಿನ ಮೇಲೋ ಹೆಣ್ಣು ಮೊಟ್ಟೆ ಇಡುತ್ತದೆ. ಆಮೇಲೆ ಗಂಡು ಹೊಳೆಯಂಚಿನ ಕೆಸರನ್ನು ಮುಂಗೈಯಲ್ಲಿ ಬಾಚಿ ಬಾಚಿ ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ರಾತ್ರಿಯ ಹೊತ್ತು, ಕಾಡಿನ ಕತ್ತಲೆಯಲ್ಲಿ, ಚಕ್ರವಿಲ್ಲದ ಕುಂಬಾರನ ಕೆಲಸ. ಮೊಟ್ಟೆ ಒಣಗದಿರಲಿ ಎಂದೋ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದೋ ಹೀಗೆ ಮಾಡುತ್ತಿರಬೇಕು. 2014ರಲ್ಲಿ ಈ ಕಪ್ಪೆಯನ್ನು ಹೊಸ ಪ್ರಭೇದವೆಂದು ಜಗತ್ತಿಗೆ ಪರಿಚಯಿಸಿದ ನಮ್ಮವರೇ ಆದ ಸಂಶೋಧಕರು ಅದಕ್ಕೆ ಇಟ್ಟ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಲಂಡನ್ನಿನವನಿರಲಿ, ಟೋಕಿಯೋದವನಿರಲಿ, ಆ ಕಪ್ಪೆಯ ವಿಷಯ ಎತ್ತಬೇಕಾದರೆ 'ಕುಂಬಾರ' ಎಂಬ ಕನ್ನಡ ಪದವನ್ನು ಬಾಯಿಬಿಟ್ಟು ಹೇಳಲೇಬೇಕು. ಮಡಿಕೇರಿಯ ಮುದ್ದುರಾಜನ ಹೆಸರು ಹೊತ್ತ ಕಪ್ಪೆಯೂ ಒಂದಿದೆ. ಆ ಹೆಸರಿಟ್ಟ ತಂಡದಲ್ಲಿ ಜಪಾನಿನ ವಿಜ್ಞಾನಿಗಳೂ ಇದ್ದರು.

ಹೆಸರು ಕನ್ನಡದ್ದು, ಕಾಡು ಕನ್ನಡಿಗರದ್ದು, ಕೆಸರೂ ಕನ್ನಡನಾಡಿನದ್ದೇ. ಆದರೆ ಇದೇ ಕಪ್ಪೆಯ ಕಥೆಯನ್ನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬ ಉತ್ತರ ಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯಲಿ ನೋಡೋಣ. ಮೌಲ್ಯಮಾಪಕರು ಕನ್ನಡಕ ತೆಗೆದು ಒರೆಸಿಕೊಂಡು, ಇದೇನು ಕನ್ನಡ ವಿಭಾಗದ ಪೇಪರು ನಮ್ಮ ಕಟ್ಟಿಗೆ ಸೇರಿಬಿಟ್ಟಿದೆಯಲ್ಲ ಅಂತಾರೆ!

ಈ ಸಂಪಾದಕೀಯ ಬರೆಯಲು ಕಾರಣನಾದವನು ನಮ್ಮ ಕಛೇರಿಗೆ ಬಂದಿದ್ದ ಒಬ್ಬ ಹುಡುಗ. ಕನಕಪುರದ ಕಡೆಯವನು. ಮನೆಯಲ್ಲಿ ಎರಡು ತಲೆಮಾರಿನಿಂದ ರೇಷ್ಮೆ ಹುಳು ಸಾಕುತ್ತಾರೆ. ಹತ್ತನೇ ತರಗತಿಯವರೆಗೆ ಸರ್ಕಾರಿ ಕನ್ನಡ ಶಾಲೆ, ಆಮೇಲೆ ಬಿ.ಎಸ್ಸಿ., ಆಮೇಲೆ ನಾಡಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಯಾವ ವಿಶ್ವವಿದ್ಯಾನಿಲಯ ಎಂದು ಬರೆಯುವುದಿಲ್ಲ. ಹುಡುಗನ ಸಂಶೋಧನೆಯ ಭವಿಷ್ಯ ಇನ್ನೂ ಅವರ ಕೈಯಲ್ಲೇ ಇದೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪರಾವಲಂಬಿ ಜೀವಿಯೊಂದರ ಜೀವನಚಕ್ರ ಹೇಳು ಎಂದರಂತೆ. ಹುಡುಗನ ತಲೆಗೆ ಥಟ್ಟನೆ ಹೊಳೆದದ್ದು ಊಜಿ ನೊಣ. ಹೊಳೆಯದೆ ಏನು? ಎಳೆಯ ವಯಸ್ಸಿನಿಂದ ಅದರ ಜೊತೆ ಯುದ್ಧ ಮಾಡಿ ಬೆಳೆದವನು. ನಮ್ಮ ಮುಂದೆ ಕುರ್ಚಿಯಲ್ಲಿ ಕೂತು ಹೇಳಿದ. "ಸಾರ್, ನೊಣ ಬಂದು ಹುಳದ ಮೈಮೇಲೆ ಬಿಳೀ ಚುಕ್ಕೆ ಹಾಗೆ ಮೊಟ್ಟೆ ಇಡುತ್ತೆ. ಎರಡು ಮೂರು ದಿನಕ್ಕೆ ಮರಿ ಒಡೆದು ಹುಳದ ಚರ್ಮ ಕೊರೆದು ಒಳಕ್ಕೆ ಹೋಗುತ್ತೆ. ಹೋದ ಜಾಗದಲ್ಲಿ ಕಪ್ಪು ಕಲೆ ನಿಲ್ಲುತ್ತೆ. ಆ ಕಲೆ ನೋಡಿಯೇ ನಮ್ಮಮ್ಮ ಹುಳ ಆರಿಸಿ ಎಸೀತಾರೆ. ಒಳಗೆ ತಿಂದು ಬೆಳೆದ ಮೇಲೆ ಹುಳ ಹರಕೊಂಡು ಆಚೆ ಬರುತ್ತೆ. ಅಷ್ಟರಲ್ಲಿ ಹುಳ ಗೂಡು ಕಟ್ಟಿದ್ದರೆ ಗೂಡಿಗೇ ತೂತು. ತೂತುಗೂಡಿನಿಂದ ನೂಲು ಬಿಚ್ಚೋಕೆ ಆಗಲ್ಲ ಸಾರ್, ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲ. ಆಚೆ ಬಿದ್ದದ್ದು ನೆಲದ ಬಿರುಕಿಗೆ ಹೋಗಿ ಕೋಶ ಆಗುತ್ತೆ."

ಒಂದೇ ಉಸಿರಿಗೆ ಹೇಳಿದ. ಪ್ರಾಣಿಶಾಸ್ತ್ರದ ಗಂಧವಿಲ್ಲದ ನಮಗೂ ಅರ್ಥವಾಯಿತು. ಆದರೆ ಪರೀಕ್ಷಕರ ಮುಂದೆ ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೋಗಿ, ಚರ್ಮಕ್ಕೆ ಪುಸ್ತಕದಲ್ಲಿರುವ ಪದ ನೆನಪಾಗದೆ, ಕೋಶಕ್ಕೆ ಪದ ತಡಕಾಡಿ, ನಾಲ್ಕನೇ ವಾಕ್ಯಕ್ಕೆ ನಿಂತುಬಿಟ್ಟ. "ನಿನಗೆ ಬೇಸಿಕ್ಸೇ ಗೊತ್ತಿಲ್ಲ" ಎಂದರಂತೆ ಪರೀಕ್ಷಕರು. ಅವರೂ ಕನ್ನಡದವರೇ. ಹುಡುಗನಿಗೆ ನೋವಾದದ್ದು ಅಂಕ ಹೋದದ್ದಕ್ಕಲ್ಲ. ಊಜಿ ನೊಣ ತನಗೆ ಗೊತ್ತಿಲ್ಲ ಎಂದು, ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿದಿರದವರು ತೀರ್ಪು ಕೊಟ್ಟರಲ್ಲ ಎಂದು.

ಇಲ್ಲಿ ಒಂದು ತಮಾಷೆಯನ್ನೂ ಹೇಳಬೇಕು. ಊಜಿ ಎಂಬುದು ಕನ್ನಡ ಪದವೂ ಅಲ್ಲ, ಇಂಗ್ಲಿಷ್ ಪದವೂ ಅಲ್ಲ. ಜಪಾನಿ ಭಾಷೆಯಲ್ಲಿ ನೊಣದ ಮರಿಹುಳುವಿಗೆ ಊಜಿ ಅಂತಾರೆ. 1980ರಲ್ಲಿ ಈ ಪೀಡೆ ಕರ್ನಾಟಕಕ್ಕೆ ಕಾಲಿಟ್ಟಾಗ ಹೆಸರೂ ಜೊತೆಗೇ ಬಂತು. ನಮ್ಮ ರೈತ ಪಾರಿಭಾಷಿಕ ಪದ ಸಮಿತಿಯ ವರದಿಗಾಗಿ ಕಾಯಲಿಲ್ಲ. 'ಊಜಿ' ಅಂದ, ಪಕ್ಕದಲ್ಲಿ 'ನೊಣ' ಸೇರಿಸಿದ, ಬಲೆ ಕಟ್ಟಿದ, ಕೆಲಸಕ್ಕೆ ಹೋದ. ಕನ್ನಡದಲ್ಲಿ ಪದಗಳಿಲ್ಲ ಎಂದು ನಲವತ್ತು ವರ್ಷ ಮೇಜು ಕುಟ್ಟಿದವರು ಒಮ್ಮೆ ರೇಷ್ಮೆ ಹುಳು ಮನೆಗೆ ಹೋಗಿ ನಿಂತು ಕೇಳಿಸಿಕೊಳ್ಳಲಿ. ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ರೈತ 'ಜ್ವರ' ಅಂತಾನೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು ಜ್ವರ ಕಳೆದು ಐದನೇ ಹಂತ ಮುಗಿದಾಗ ಅದು 'ಹಣ್ಣು ಹುಳ', ಚಂದ್ರಿಕೆಗೆ ಬಿಡಲು ಸಿದ್ಧ. ರೋಗಕ್ಕೂ ಹೆಸರುಂಟು: ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟುರೋಗ. ಹೆಸರು ಕೇಳಿದರೆ ಲಕ್ಷಣವೇ ಕಣ್ಣಿಗೆ ಕಟ್ಟುತ್ತದೆ. ಸುಣ್ಣಕಟ್ಟಿನಲ್ಲಿ ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದುಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯ ಪಾರಿಭಾಷಿಕ ಪದವನ್ನು ಯಾವ ಪಂಡಿತ ಕಟ್ಟಬಲ್ಲ?

ಗಂಟುರೋಗದ ಮಾತು ಬಂತು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಈ ರೋಗವನ್ನು 1865ರಿಂದ ವರ್ಷಗಟ್ಟಲೆ ಕೂತು ಅಭ್ಯಾಸ ಮಾಡಿ, ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆ ಆರಿಸುವ ದಾರಿ ತೋರಿಸಿದವನು ಲೂಯಿ ಪಾಸ್ಚರ್. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಅದೇ ತಾಯಿ ಚಿಟ್ಟೆ ಪರೀಕ್ಷೆ. ಪಾಸ್ಚರ್ ತನ್ನ ಪುಸ್ತಕ ಬರೆದದ್ದು ಇಂಗ್ಲಿಷಿನಲ್ಲಲ್ಲ, ತನ್ನ ಊರಿನ ಫ್ರೆಂಚಿನಲ್ಲಿ. ಅವನನ್ನು ಯಾರೂ ಕೂಪಮಂಡೂಕ ಎನ್ನಲಿಲ್ಲ.

ಸಂಸ್ಕೃತದ ಪಂಡಿತರಿಗೂ ಇಲ್ಲೇ ಎರಡು ಮಾತು ಹೇಳಿಬಿಡುತ್ತೇವೆ, ಬೇಸರ ಮಾಡಿಕೊಳ್ಳಬಾರದು. ಕನ್ನಡದಲ್ಲಿ ಪ್ರಾಣಿಶಾಸ್ತ್ರ ಎಂದು ಹೊರಟು 'ಕಂಟಕಚರ್ಮಿ', 'ಮೃದ್ವಸ್ಥಿ', 'ಸಂಧಿಪದಿ' ಎಂದು ಪದಗಳ ಗುಡ್ಡೆ ಹಾಕಿದವರೂ ಮಕ್ಕಳನ್ನು ಓಡಿಸಿದ ಪಾಪಕ್ಕೆ ಪಾಲುದಾರರು. ಕಂಟಕಚರ್ಮಿ ಎಂದರೆ ಮಗು ಯಾವುದೋ ಯಕ್ಷಗಾನದ ರಾಕ್ಷಸ ಅಂದುಕೊಳ್ಳುತ್ತದೆ. ಮುಳ್ಳುಮೈಯ ಪ್ರಾಣಿ ಎಂದರೆ ಏನು ಗಂಟು ಹೋಗುತ್ತಿತ್ತು? ಕ್ರೋಮೋಸೋಮ್ ಅನ್ನು ಕ್ರೋಮೋಸೋಮ್ ಎಂದೇ ಬರೆಯಿರಿ, ಊಜಿಯನ್ನು ಅರಗಿಸಿಕೊಂಡ ಭಾಷೆ ಅದನ್ನೂ ಅರಗಿಸಿಕೊಳ್ಳುತ್ತದೆ.

ನಿಜವಾಗಿ ಆಗುತ್ತದೆಯೇ, ಗಹನವಾದ ಸಂಶೋಧನೆಯನ್ನು ಕನ್ನಡದಲ್ಲಿ ಹೇಳಲು ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಒಂದು ಉದಾಹರಣೆ ಕೊಡುತ್ತೇವೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ಡ್ರಾಸೊಫಿಲ ಎಂಬ ಪುಟ್ಟ ಹಣ್ಣುನೊಣದ ಅಧ್ಯಯನಕ್ಕೆ ದೇಶದಲ್ಲೇ ಹೆಸರಾದದ್ದು. ಅಲ್ಲಿ ಪ್ರೊ. ಎಚ್.ಎ. ರಂಗನಾಥ್ ಮತ್ತು ಸಂಗಡಿಗರು ಕೊಡಗಿನ ಒಂದು ನೊಣವನ್ನೂ ಥಾಯ್ಲೆಂಡಿನ ಅದರ ದಾಯಾದಿ ನೊಣವನ್ನೂ ಕೂಡಿಸಿದರು. ಕೊಡಗಿನದಕ್ಕೆ ಎಂಟು ಕ್ರೋಮೋಸೋಮು, ಥಾಯ್ಲೆಂಡಿನದಕ್ಕೆ ಆರು. ಸಾಮಾನ್ಯವಾಗಿ ಇಂಥ ಬೆರಕೆ ಸಂತಾನ ಮುಂದೆ ಸಾಗುವುದೇ ಕಷ್ಟ. ಆದರೆ ಇವು ಮರಿ, ಮರಿಮರಿ ಎಂದು ತಲೆಮಾರುಗಟ್ಟಲೆ ಸಾಗಿದವು. ಸಾಗುತ್ತಾ ಸಾಗುತ್ತಾ ಎರಡೂ ಕಡೆಯ ಕ್ರೋಮೋಸೋಮುಗಳು ಬೇರೆ ಬೇರೆ ಬಗೆಯಲ್ಲಿ ಹೊಂದಿಕೊಂಡು, ಅಪ್ಪನಂತೆಯೂ ಅಲ್ಲದ ಅಮ್ಮನಂತೆಯೂ ಅಲ್ಲದ ಹತ್ತಕ್ಕೂ ಹೆಚ್ಚು ಹೊಸ ವಂಶಗಳು ಸೀಸೆಯೊಳಗೆ ನೆಲೆನಿಂತವು. ಪ್ರಕೃತಿ ಸಾವಿರಾರು ವರ್ಷ ತೆಗೆದುಕೊಂಡು ಮಾಡುವ ಕೆಲಸದ ಒಂದು ಮೆಟ್ಟಿಲನ್ನು ಮೈಸೂರಿನ ಒಂದು ಕೋಣೆಯಲ್ಲಿ ಕಣ್ಣಾರೆ ನೋಡುವಂತಾಯಿತು. ಹೇಳಿ, ಇಷ್ಟನ್ನು ಕನ್ನಡದಲ್ಲಿ ಬರೆದದ್ದರಿಂದ ವಿಜ್ಞಾನದ ಮಾನ ಎಲ್ಲಿ ಹೋಯಿತು? ಮೈಸೂರಿನ ಪೇಟೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿ, ತಮ್ಮೂರಲ್ಲಿ ಇಂಥದ್ದೊಂದು ನಡೆದದ್ದು ಯಾರಿಗಾದರೂ ಗೊತ್ತೇ ಎಂದು. ಮನೆಯ ಮಗ ಗೆದ್ದದ್ದು ಮನೆಯವರಿಗೇ ಗೊತ್ತಿಲ್ಲ.

ಹಿಂದಿನವರು ಹೀಗಿರಲಿಲ್ಲ. 1918ರಲ್ಲಿ, ಇನ್ನೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಎರಡು ವರ್ಷದ ಹಾಲುಗಲ್ಲ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಎರಡೇ ವರ್ಷ ನಡೆಯಿತು, ನಿಂತುಹೋಯಿತು. ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಅವರಿಗೆ ಯಾವ ಪ್ರಯೋಗಾಲಯವೂ ಇರಲಿಲ್ಲ, ಯು.ಜಿ.ಸಿ. ಸಂಬಳವೂ ಇರಲಿಲ್ಲ. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಅವರು ಕಾಲೇಜಿನಲ್ಲಿ ಕನ್ನಡ ಮಾಧ್ಯಮ ಎಂದಾಗ ನಕ್ಕವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಆದರೆ ಅವರ ನಗು ಮಾತ್ರ ಇನ್ನೂ ನಮ್ಮ ವಿಭಾಗಗಳ ಗೋಡೆಗಳಲ್ಲಿ ಪ್ರತಿಧ್ವನಿಸುತ್ತಿದೆ. ವಿಚಿತ್ರವೆಂದರೆ ಕುವೆಂಪು ಇಟ್ಟ ಮಾನಸಗಂಗೋತ್ರಿ ಎಂಬ ಹೆಸರನ್ನು ಲೆಟರ್ ಹೆಡ್ಡಿನಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸಿ, ಅದರ ಕೆಳಗೆ ಪೂರ್ತಿ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವುದು!

ಭಾಷೆಯ ಅನಾದರಕ್ಕೂ ಕೆಲಸದ ಅನಾದರಕ್ಕೂ ನಂಟಿದೆ ಎಂದೇ ನಮ್ಮ ಗುಮಾನಿ. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದವರು ಸಿ.ಆರ್. ನಾರಾಯಣರಾಯರು. 1932ರಲ್ಲಿ ಬೆಂಗಳೂರಿನಿಂದ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ಮೊದಲ ಬಾರಿಗೆ ವಿವರಿಸಿ ಹೆಸರಿಟ್ಟವರು. ಅವರ ಗೌರವಕ್ಕಾಗಿ 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೇ 'ರಾವೋರ್ಕೆಸ್ಟಿಸ್' ಎಂದು ನಾಮಕರಣವಾಯಿತು. ಗೊದಮೊಟ್ಟೆಯ ಹಂತವೇ ಇಲ್ಲದೆ ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯಾಗಿ ಹೊರಬರುವ ಸೋಜಿಗದ ಕಪ್ಪೆಗಳವು. ಸರಿ, ರಾಯರು ಹಿಡಿದು ವಿವರಿಸಿ ಕಾಲೇಜಿನ ಸಂಗ್ರಹದಲ್ಲಿ ಇಟ್ಟಿದ್ದ ಮೂಲ ಮಾದರಿಗಳು ಎಲ್ಲಿ? ಕಳೆದುಹೋಗಿವೆ ಎಂದು ಕಪ್ಪೆ ತಜ್ಞರು ತಮ್ಮ ಪ್ರಬಂಧಗಳಲ್ಲಿ ಬರೆದುಕೊಂಡೇ ಬಂದಿದ್ದಾರೆ. ಒಂದು ಪ್ರಭೇದಕ್ಕೆ ಮೂಲ ಮಾದರಿ ಎಂದರೆ ಜಮೀನಿಗೆ ಮೂಲ ಪತ್ರ ಇದ್ದ ಹಾಗೆ. ಅದು ಹೋದರೆ ಮುಂದೆ ಬಂದವರು ಇದೇ ಆ ಕಪ್ಪೆಯೋ ಅಲ್ಲವೋ ಎಂದು ಹೋರಾಡುತ್ತಲೇ ಇರಬೇಕು. ಬ್ರಿಟಿಷರು ನಮ್ಮ ಘಟ್ಟದಿಂದ ಹೊತ್ತೊಯ್ದ ಹಾವು ಕಪ್ಪೆಗಳು ಲಂಡನ್ನಿನ ಮ್ಯೂಸಿಯಮ್ಮಿನ ಸೀಸೆಗಳಲ್ಲಿ ಭದ್ರವಾಗಿವೆ. ನಮ್ಮ ಕೈಯಲ್ಲಿದ್ದವು ನೀರುಪಾಲು. ಇದಕ್ಕೆ ಯಾವ ಹೊರನಾಡಿನವರನ್ನೂ ಬೈಯುವಂತಿಲ್ಲ.

ಈಗ ನಿಜವಾಗಿ ಜೀವದ ಪ್ರಶ್ನೆಗೆ ಬರುತ್ತೇವೆ.

1957. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು. ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಹಿಂದೆಯೇ ಜನರಿಗೆ ಜ್ವರ, ಮೈಕೈ ನೋವು, ರಕ್ತಸ್ರಾವ, ಸಾವು. ಪುಣೆಯಿಂದ ಬಂದ ವಿಜ್ಞಾನಿಗಳಿಗೆ ಮೊದಲು ಹಳದಿ ಜ್ವರದ ಅನುಮಾನ. ಆಮೇಲೆ ತಿಳಿದದ್ದು, ಇದು ಹೊಸ ವೈರಸ್, ಹೊತ್ತು ತರುವುದು ಉಣುಗು ಎಂದು. ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ಹೀಗೆ ಸೇರಿತು. ನಮ್ಮ ಜನ ಇಟ್ಟ ಹೆಸರು ಮಂಗನ ಕಾಯಿಲೆ. ಮಂಗ ಸತ್ತರೆ ಮನುಷ್ಯನಿಗೆ ಬರುತ್ತದೆ ಎಂಬ ಮುಖ್ಯ ಸಂಗತಿ ಆ ಹೆಸರಿನಲ್ಲೇ ಇದೆ.

ಈ ಕಾಯಿಲೆಯ ಗುಟ್ಟೆಲ್ಲ ಇರುವುದು ಪ್ರಾಣಿಶಾಸ್ತ್ರದಲ್ಲಿ. ಹೀಮಫೈಸಾಲಿಸ್ ಸ್ಪಿನಿಜೆರ ಎಂಬ ಆ ಉಣುಗು ಮೂರು ಹಂತಗಳಲ್ಲಿ ಬದುಕುತ್ತದೆ, ಪ್ರತಿ ಹಂತದಲ್ಲೂ ಬೇರೆ ಪ್ರಾಣಿಯ ರಕ್ತ ಬೇಕು. ದೊಡ್ಡ ಉಣುಗು ದನಕರುಗಳಿಗೆ ಹತ್ತುತ್ತದೆ, ಕಣ್ಣಿಗೂ ಕಾಣುತ್ತದೆ. ಮನುಷ್ಯನಿಗೆ ಅಪಾಯ ತರುವುದು ಹೆಚ್ಚಾಗಿ ನಡುವಿನ ಹಂತದ ಮರಿ. ಗಸಗಸೆ ಕಾಳಿನಷ್ಟು ಸಣ್ಣದು, ಕಚ್ಚಿದ್ದೂ ತಿಳಿಯುವುದಿಲ್ಲ. ಮಳೆಗಾಲ ಕಳೆದು ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಸುಗ್ಗಿ. ಮಂಗ ಸತ್ತು ಬಿದ್ದರೆ, ಮೈಯ ಬಿಸಿ ಆರುತ್ತಿದ್ದಂತೆ ಉಣುಗುಗಳೆಲ್ಲ ಇಳಿದು ಸುತ್ತಲಿನ ತರಗೆಲೆಯಲ್ಲಿ ಹರಡಿಕೊಂಡು ಮುಂದಿನ ಮೈಗಾಗಿ ಕಾಯುತ್ತವೆ. ಅದೇ ತಿಂಗಳುಗಳಲ್ಲಿ, ಅದೇ ಕಾಡಿಗೆ, ಅದೇ ದರಗು ಗುಡಿಸಿ ತರಲು ಹೋಗುವವರು ಯಾರು? ಅಡಿಕೆ ತೋಟದ, ಕೊಟ್ಟಿಗೆಯ ಕೆಲಸದ ಹೆಣ್ಣುಮಕ್ಕಳು, ಕೂಲಿಯವರು. 2024ರ ಆರಂಭದ ತಿಂಗಳುಗಳಲ್ಲೂ ಮಲೆನಾಡಿನಲ್ಲಿ ಈ ಕಾಯಿಲೆಗೆ ಜನ ಸತ್ತರು. ಬಹುಕಾಲ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಂತಿತು. ಹಾಗಾಗಿ ಈಗ ಉಳಿದಿರುವ ರಕ್ಷಣೆ ಎಂದರೆ ಮೈಗೆ ಹಚ್ಚುವ ಎಣ್ಣೆ, ಮತ್ತು ತಿಳಿವಳಿಕೆ.

ತಿಳಿವಳಿಕೆ! ಅದು ಇರುವುದೆಲ್ಲಿ? ವಿಶ್ವವಿದ್ಯಾನಿಲಯಗಳ ಗ್ರಂಥಾಲಯದಲ್ಲಿ, ಚಿನ್ನದ ಅಕ್ಷರದ ರಟ್ಟು ಹಾಕಿದ ಇಂಗ್ಲಿಷ್ ಮಹಾಪ್ರಬಂಧಗಳಲ್ಲಿ, ಗಣಕಯಂತ್ರದ ಶೋಧಗಂಗೆಯಲ್ಲಿ. ಗಂಗೆಯೇನೋ ಹರಿಯುತ್ತಿದೆ, ಸೊರಬದ ಹೆಂಗಸಿನ ಬಾಯಿಗೆ ತೊಟ್ಟು ಬೀಳುವುದಿಲ್ಲ. ಉಣುಗು ಹಿಡಿಯಲು ಸಂಶೋಧಕ ಬಂದಾಗ ಅವನಿಗೆ ಕಾಡಿನ ದಾರಿ ತೋರಿಸಿದವಳು ಅವಳು. ಮಂಗ ಎಲ್ಲಿ ಸತ್ತಿದೆ ಎಂದು ಕೈ ಮಾಡಿ ತೋರಿಸಿದವಳು ಅವಳು, ಕನ್ನಡದಲ್ಲಿ. ಅವನು ಕೇಳಿಕೊಂಡದ್ದು ಕನ್ನಡದಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ, ಡಾಕ್ಟರೇಟು ಬಂದದ್ದು ಅವನಿಗೆ. ಅವಳಿಗೆ ವಾಪಸು ಬಂದದ್ದು ಏನು? ಆರೋಗ್ಯ ಇಲಾಖೆಯ ಒಂದು ಕರಪತ್ರ. ಅದನ್ನು ಬರೆದವರೂ ಪ್ರಬಂಧ ಬರೆದವರಲ್ಲ.

ತೇಜಸ್ವಿಯವರು 1980ರಲ್ಲಿ 'ಕರ್ವಾಲೊ' ಬರೆದರು. ಹಾರುವ ಓತಿಯನ್ನು ಕಂಡವನು ಜೇನು ಹಿಡಿಯುವ ಹಳ್ಳಿಯ ಮಂದಣ್ಣ. ಅವನೊಳಗಿನ ಜೀವವಿಜ್ಞಾನಿಯನ್ನು ಗುರುತಿಸಿದವರು ವಿಜ್ಞಾನಿ ಕರ್ವಾಲೊ. ನಮ್ಮ ನಾಡಿನಲ್ಲಿ ಮಂದಣ್ಣಂದಿರು ಈಗಲೂ ಇದ್ದಾರೆ. ಹೆಜ್ಜೇನು, ತುಡುವೆ, ಕೋಲುಜೇನು, ಮಿಸ್ರಿ ಎಂದು ಗೂಡಿನ ವಾಸನೆಯಲ್ಲೇ ಹೇಳುವವರು, ಚಗಳಿ ಯಾವ ಮರಕ್ಕೆ ಯಾವಾಗ ಗೂಡು ಕಟ್ಟುತ್ತದೆ ಎಂದು ಬಲ್ಲವರು, ಕಾಡುಪಾಪದ ಕಣ್ಣು ರಾತ್ರಿ ಯಾವ ಎತ್ತರದಲ್ಲಿ ಹೊಳೆಯುತ್ತದೆ ಎಂದು ತೋರಿಸುವವರು. ಕಮ್ಮಿಯಾಗಿರುವುದು ಕರ್ವಾಲೊಗಳು. ಇಂದಿನ ಮಂದಣ್ಣನ ಮಗ ಓದಿ ಎಂ.ಎಸ್ಸಿ. ವರೆಗೆ ಬಂದು ನಿಂತರೆ, ಬಾಗಿಲಲ್ಲಿ ಇಂಗ್ಲಿಷಿನ ಕಾವಲುಗಾರ.

ಇಂಗ್ಲಿಷಿನ ಕಾವಲುಗಾರ ಸಾಲದು ಎಂದು ಹಿಂದಿಯ ದೊಣ್ಣೆನಾಯಕ ಬೇರೆ! ಸಂಶೋಧನೆಗೆ ಕೇಂದ್ರದ ಶಿಷ್ಯವೇತನ ಬೇಕೆಂದರೆ ನಮ್ಮ ಹುಡುಗರು ಬರೆಯಬೇಕಾದದ್ದು ಸಿ.ಎಸ್.ಐ.ಆರ್.–ಯು.ಜಿ.ಸಿ. ನೆ‌ಟ್ ಪರೀಕ್ಷೆ, ಜೀವವಿಜ್ಞಾನದ ಪತ್ರಿಕೆ. ಗೆದ್ದವನಿಗೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ. ಬಡವರ ಮನೆಯ ಮಗುವಿಗೆ ಸಂಶೋಧನೆ ಮಾಡಲು ಇರುವ ದೊಡ್ಡ ಊರುಗೋಲು ಅದೇ. ಆ ಪ್ರಶ್ನೆಪತ್ರಿಕೆ ಯಾವ ಭಾಷೆಗಳಲ್ಲಿ ಬರುತ್ತದೆ ಗೊತ್ತೇ ಕನ್ನಡಿಗರೇ? ಇಂಗ್ಲಿಷ್ ಮತ್ತು ಹಿಂದಿ. ಬಿಹಾರದ, ಉತ್ತರ ಪ್ರದೇಶದ ಹುಡುಗ ಇಂಗ್ಲಿಷಿನ ಪ್ರಶ್ನೆ ಗೋಜಲಾದರೆ ಪಕ್ಕದ ಹಿಂದಿಗೆ ಕಣ್ಣು ಹಾಯಿಸಿ ಅರ್ಥ ಮಾಡಿಕೊಳ್ಳುತ್ತಾನೆ. ಅವನು ಓದಲಿ, ಗೆಲ್ಲಲಿ, ನಮಗೆ ಅವನ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ಕನಕಪುರದ ಹುಡುಗನಿಗೆ, ಸೊರಬದ ಹುಡುಗಿಗೆ ಆ ಸೌಲಭ್ಯ ಯಾಕಿಲ್ಲ? ಮೂರು ಗಂಟೆಯ ಪರೀಕ್ಷೆ, ತಪ್ಪು ಉತ್ತರಕ್ಕೆ ಅಂಕ ಕಡಿತ, ಒಂದೊಂದು ನಿಮಿಷಕ್ಕೂ ಬೆಲೆ. ಒಬ್ಬನಿಗೆ ಚಪ್ಪಲಿ ಕೊಟ್ಟು ಇನ್ನೊಬ್ಬನನ್ನು ಬರಿಗಾಲಲ್ಲಿ ಓಡಿಸಿ, ಗೆದ್ದವನಿಗೆ ಪ್ರತಿಭಾವಂತ ಎಂದು ಬಿರುದು ಕೊಡುವ ಈ ಓಟಕ್ಕೆ ನಾವೂ ತೆರಿಗೆ ಕಟ್ಟುತ್ತಿದ್ದೇವೆ.

ಅನುವಾದ ಕಷ್ಟ ಎಂಬ ನೆಪ ನಡೆಯುವುದಿಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲೂ ಇದೆ. ಅದರಲ್ಲಿ ಜೀವಶಾಸ್ತ್ರವೂ ಇದೆ. ಎರಡೂ ಪರೀಕ್ಷೆಗಳನ್ನು ಈಗ ನಡೆಸುವುದು ದಿಲ್ಲಿಯ ಅದೇ ಸಂಸ್ಥೆ. ಜೀವಕೋಶಕ್ಕೆ ಅಲ್ಲಿ ಸಿಕ್ಕಿದ ಕನ್ನಡ ಪದ ಇಲ್ಲಿ ಸಿಗುವುದಿಲ್ಲವೇ? ನೀಟ್ ಅನ್ನು ಕನ್ನಡದಲ್ಲಿ ಬರೆಯುವವರು ತೀರ ಕಡಿಮೆ ಎಂಬುದನ್ನು ನಾವು ಬಚ್ಚಿಡುವುದಿಲ್ಲ. ಪಿ.ಯು.ಸಿ. ವಿಜ್ಞಾನದ ಪಾಠವನ್ನೇ ಇಂಗ್ಲಿಷಿನಲ್ಲಿ ಮಾಡಿ, ಪರೀಕ್ಷೆಯ ದಿನ ಮಾತ್ರ ಕನ್ನಡ ಕೊಟ್ಟರೆ ಯಾರು ಬರೆಯುತ್ತಾರೆ? ಈಜು ಕಲಿಸದೆ ಕೆರೆ ತೋರಿಸಿ, ಇವರಿಗೆ ನೀರೇ ಬೇಡವಂತೆ ಎಂದ ಹಾಗಾಯಿತು. ಯು.ಜಿ.ಸಿ. ಅಧ್ಯಕ್ಷರು 2023ರ ಏಪ್ರಿಲಿನಲ್ಲಿ ಎಲ್ಲ ವಿಶ್ವವಿದ್ಯಾನಿಲಯಗಳಿಗೆ ಪತ್ರ ಬರೆದು, ಪಾಠ ಇಂಗ್ಲಿಷಿನಲ್ಲಿದ್ದರೂ ವಿದ್ಯಾರ್ಥಿಗಳು ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದರು. ದಿಲ್ಲಿಯ ಸುತ್ತೋಲೆ ಬಂದರೆ ಎದ್ದು ನಿಂತು ಓದುವ ನಮ್ಮ ಕುಲಸಚಿವರುಗಳು ಈ ಒಂದು ಪತ್ರವನ್ನು ಮಾತ್ರ ಎಲ್ಲಿಟ್ಟು ಮರೆತರೋ!

ಒಬ್ಬ ಹಿರಿಯ ಪ್ರಾಧ್ಯಾಪಕರು, ಪ್ರಾಮಾಣಿಕರು, ನಮಗೆ ಹೇಳಿದರು: "ನೀವು ಹೇಳುವುದು ಸರಿ. ಆದರೆ ನನ್ನ ಲೇಖನ ಓದುವವರು ಜರ್ಮನಿಯಲ್ಲಿ, ಬ್ರೆಜಿಲಿನಲ್ಲಿ ಇದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ." ಒಪ್ಪಿದೆವು. ಕುಂಬಾರ ಕಪ್ಪೆಯ ವಿವರ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲೇ ಬರಲಿ, ಯಾರು ಬೇಡ ಅಂದವರು? ನಮ್ಮ ಮಕ್ಕಳು ಇಂಗ್ಲಿಷ್ ಚೆನ್ನಾಗಿ ಕಲಿಯಲಿ, ಫ್ರೆಂಚು ಜಪಾನಿಯನ್ನೂ ಕಲಿಯಲಿ. ನಾವು ಕೇಳುವುದು ಬಹಳ ಸಣ್ಣದು. ಕನ್ನಡನಾಡಿನ ಒಂದು ಪ್ರಾಣಿಯ ಮೇಲೆ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಪಡೆಯುವವನು ಇನ್ನೂರು ಪುಟದ ಇಂಗ್ಲಿಷ್ ಪ್ರಬಂಧದ ಜೊತೆಗೆ ಇಪ್ಪತ್ತು ಪುಟದ ಕನ್ನಡ ಸಾರವನ್ನೂ ತಾನೇ ಬರೆದು ಒಪ್ಪಿಸಲಿ. ಅದರ ಒಂದು ಪ್ರತಿ, ಅವನು ಎಲ್ಲಿ ಪ್ರಾಣಿ ಹಿಡಿದನೋ ಆ ಊರಿನ ಪಂಚಾಯಿತಿಗೆ ಹೋಗಲಿ. ಅದಿಲ್ಲದೆ ಪದವಿ ಕೊಡಬೇಡಿ. ಮೌಖಿಕ ಪರೀಕ್ಷೆಯ ದಿನ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಲಿ, ಆ ಊರಿನವರು ಬಂದು ಕೂತು ಪ್ರಶ್ನೆ ಕೇಳಲಿ. ತನ್ನ ವಿಷಯವನ್ನು ದರಗು ಗುಡಿಸುವವಳಿಗೆ ಹೇಳಲಾರದವನಿಗೆ ಆ ವಿಷಯ ಎಷ್ಟು ಗೊತ್ತಿದೆ ಎಂಬುದೂ ಅಲ್ಲೇ ಬಯಲಾಗುತ್ತದೆ. ಕಾಯಂ ಪ್ರಾಧ್ಯಾಪಕರ ಹುದ್ದೆಗಳನ್ನು ತುಂಬದೆ ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ವಿಭಾಗ ನಡೆಸುತ್ತಿರುವ ಸರ್ಕಾರಕ್ಕೆ ಬೇರೆಯೇ ಒಂದು ಸಂಚಿಕೆ ಬೇಕು, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಒಂದು ಒಳ್ಳೆಯ ಸಂಗತಿಯೂ ಇದೆ. 2014ರಲ್ಲಿ ಯು.ಜಿ.ಸಿ. ಪ್ರಾಣಿಗಳನ್ನು ಕೊಯ್ಯುವ ಪ್ರಯೋಗಗಳಿಗೆ ಪೂರ್ಣವಿರಾಮ ಹಾಕಿತು. ವರ್ಷವರ್ಷವೂ ತಟ್ಟೆಯ ಮೇಣದ ಮೇಲೆ ಕಪ್ಪೆಗೆ ಗುಂಡುಪಿನ್ನು ಚುಚ್ಚುತ್ತಿದ್ದ ಕಾಲ ಮುಗಿಯಿತು. ಉಳಿದ ಆ ಸಮಯದಲ್ಲಿ ಹುಡುಗರನ್ನು ಕೆರೆಯಂಚಿಗೆ, ಕಾಡಿಗೆ, ಹುಳು ಮನೆಗೆ ಕರೆದುಕೊಂಡು ಹೋಗಬಹುದಲ್ಲ? ಬಹಳ ಕಡೆ ಅದರ ಬದಲು ಕಂಪ್ಯೂಟರಿನಲ್ಲಿ ಕಪ್ಪೆ ಕೊಯ್ಯುತ್ತಿದ್ದಾರೆ. ಆ ಕಪ್ಪೆಯೂ ಇಂಗ್ಲಿಷ್ ಕಪ್ಪೆ.

ಇಷ್ಟು ಬೈದ ಮೇಲೆ ನಮ್ಮ ಬೆನ್ನನ್ನೂ ಒಮ್ಮೆ ನೋಡಿಕೊಳ್ಳಬೇಕು. 1982ರ ಗೋಕಾಕ್ ಚಳವಳಿಯಲ್ಲಿ ನಾಡಿಗೆ ನಾಡೇ ಬೀದಿಗಿಳಿಯಿತು, ಆದರೆ ಹೋರಾಟ ಶಾಲೆಯ ಬಾಗಿಲಲ್ಲೇ ನಿಂತಿತು. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ರಸ್ತೆಯಲ್ಲಿ ಲಾಠಿ ಏಟು ತಿಂದೆವು, ಜೈಲಿಗೂ ಹೋದೆವು, 2024ರಲ್ಲಿ ಕಾನೂನು ತಂದೆವು. ಹೆಮ್ಮೆಯ ಮಾತೇ. ಆದರೆ ಬೋರ್ಡಿಗೆ ಮಸಿ ಬಳಿಯಲು ಏಣಿ ಹತ್ತಿದ ನಮ್ಮಲ್ಲಿ ಎಷ್ಟು ಜನ ಒಂದು ವಿಜ್ಞಾನ ವಿಭಾಗದ ಮೆಟ್ಟಿಲು ಹತ್ತಿದ್ದೇವೆ? ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಬಂದಾಗ ಎಷ್ಟು ಜನ ಕೊಂಡಿದ್ದೇವೆ? 'ವಿಜ್ಞಾನ' ಪತ್ರಿಕೆ ಎರಡೇ ವರ್ಷಕ್ಕೆ ನಿಂತದ್ದಕ್ಕೆ ದಿಲ್ಲಿಯವರು ಕಾರಣರಲ್ಲ.

ಕನಕಪುರದ ಹುಡುಗ ಮತ್ತೆ ನೆಟ್ ಬರೆಯಲು ಕೂತಿದ್ದಾನೆ. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುವಿಗೆ ಹಾಕಿ, ಮಧ್ಯಾಹ್ನ ಇಂಗ್ಲಿಷ್ ನಿಘಂಟು ಪಕ್ಕಕ್ಕಿಟ್ಟುಕೊಂಡು ಓದುತ್ತಾನೆ. ನೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಲಿ ಎಂದು ಈ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ಮನವಿ ಅಚ್ಚಾಗಿದೆ. ಕತ್ತರಿಸಿ, ಸಹಿ ಹಾಕಿ, ನಿಮ್ಮ ಸಂಸದರಿಗೆ ಕಳಿಸಿ. ಇನ್ನೊಂದು ಕೆಲಸ. ನಿಮ್ಮೂರಿನಲ್ಲಿ ಉಣುಗಿಗೆ ಏನಂತಾರೆ, ಹಾವುರಾಣಿಗೆ ಏನಂತಾರೆ, ಗೊದಮೊಟ್ಟೆಗೆ, ಈಚಲುಹುಳಕ್ಕೆ, ಜೇನುಗಳಿಗೆ, ಕೆರೆಯ ಮೀನುಗಳಿಗೆ ಏನೇನು ಹೆಸರು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಕಾರ್ಡಿನಲ್ಲಿ ಬರೆದು, ಊರು ತಾಲ್ಲೂಕು ನಮೂದಿಸಿ ನಮ್ಮ ಕಛೇರಿಗೆ ಹಾಕಿ. ಬಂದದ್ದನ್ನೆಲ್ಲ ತಾಲ್ಲೂಕುವಾರು ಅಚ್ಚು ಹಾಕಿಸಿ, ನಾಡಿನ ಪ್ರತಿಯೊಂದು ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ನಾವೇ ಕೈಯಾರೆ ಇಟ್ಟು, ಸ್ವೀಕೃತಿಗೆ ಸಹಿ ಪಡೆದು ಬರುತ್ತೇವೆ. ಕನ್ನಡದಲ್ಲಿ ಸಹಿ.